ಪ್ಯಾನೋ ಹೆಡ್ ಹೊಂದಿಸುವಾಗ ನಾನು ಮಾಡುವುದು ಹೀಗೆ

ಮತಂಗ ಬೆಟ್ಟದ ತುದಿಯಿಂದ ಹಂಪಿಯ ಸುತ್ತುನೋಟ ತೆಗೆಯುವುದಾದರೆ ಪ್ಯಾನೋ ಹೆಡ್ (ಕ್ಯಾಮೆರಾ ಲೆನ್ಸಿನ ಒಂದು ಬಿಂದುವಿನ ಸುತ್ತಲೇ ತಿರುಗುವಂತೆ ಟ್ರೈಪಾಡಿನ ಮೇಲೆ ಕೂರಿಸುವ ಸಾಧನ) ಇಲ್ಲದೆಯೂ ನಡೆಯುತ್ತದೆ. ಕಾಣುವುದೆಲ್ಲ ದೂರದ್ದು, ಕೈಯಲ್ಲಿ ಹಿಡಿದು ತೆಗೆದರೂ ಸಾಫ್ಟ್‌ವೇರ್ ಜೋಡಿಸಿಕೊಡುತ್ತದೆ. ಮಲೆನಾಡಿನ ತೊಟ್ಟಿಮನೆಯೊಳಗೆ ಹಾಗಾಗುವುದಿಲ್ಲ. ಮೂಗಿನೆದುರೇ ಮರದ ಕಂಬ, ಅದರ ಹಿಂದೆ ತೊಟ್ಟಿಯಾಚೆಯ ಬಾಗಿಲು. ಕ್ಯಾಮೆರಾ ತಿರುಗಿಸುವಾಗ ಲೆನ್ಸ್ ನಾಲ್ಕೈದು ಸೆಂಟಿಮೀಟರ್ ಪಕ್ಕಕ್ಕೆ ಜರುಗಿದರೂ ಸಾಕು, ಒಂದು ಫ್ರೇಮಿನಲ್ಲಿ ಕಂಬ ಬಾಗಿಲಿನ ದಾರಂದವನ್ನು ಮುಚ್ಚಿರುತ್ತದೆ, ಮುಂದಿನದರಲ್ಲಿ ಮುಚ್ಚಿರುವುದಿಲ್ಲ. ಇಂಥ ಮನೆಗಳ ಒಳಗನ್ನು ತೆಗೆಯುವುದು ನನಗೆ ಬಹಳ ಪ್ರೀತಿಯ ಕೆಲಸ. ಅದಕ್ಕೇ ಹೆಡ್ ಹೊಂದಿಸುವುದಕ್ಕೆ ಎಷ್ಟು ಹೊತ್ತು ಹಿಡಿದರೂ ನನಗೆ ಬೇಸರವಿಲ್ಲ.

ಟ್ರೈಪಾಡಿನ ಮಟ್ಟ ಮೊದಲು. ತಿರುಗುವ ಭಾಗದ ಕೆಳಗೇ ಮಟ್ಟ ಸರಿಯಾಗಬೇಕು. ಹೆಡ್ಡನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಾಗಲೂ ಮಟ್ಟ ತೋರಿಸುವ ಬಬಲ್ ನಡುವಿನಿಂದ ಕದಲಬಾರದು.

ಆಮೇಲೆ ಅಡ್ಡ ಹೊಂದಾಣಿಕೆ. ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ ಕಟ್ಟುತ್ತೇನೆ, ಮೇಲಿನ ತೋಳನ್ನು ನೇರ ಕೆಳಕ್ಕೆ ಬಾಗಿಸುತ್ತೇನೆ. ಲೆನ್ಸ್ ಈಗ ಹೆಡ್ಡಿನ ನಡುವಿನ ಸ್ಕ್ರೂವನ್ನೇ ನೋಡುತ್ತಿರುತ್ತದೆ. ಲೈವ್ ವ್ಯೂನಲ್ಲಿ ಗ್ರಿಡ್ ಹಾಕಿ, ಆ ಸ್ಕ್ರೂ ಪರದೆಯ ನಟ್ಟನಡುವೆ ಬರುವವರೆಗೆ ಕೆಳಗಿನ ರೈಲನ್ನು (ಅಂಕಿ ಗುರುತಿರುವ ಜರುಗುವ ಪಟ್ಟಿ) ಸರಿಸುವುದು. ಈ ಅಳತೆ ಕ್ಯಾಮೆರಾದ ಬಾಡಿಗೂ ಅದನ್ನು ಹೆಡ್ಡಿಗೆ ಕಟ್ಟುವ ಪ್ಲೇಟಿಗೂ ಸಂಬಂಧಿಸಿದ್ದು, ಲೆನ್ಸ್ ಬದಲಾದರೂ ಸಾಮಾನ್ಯವಾಗಿ ಬದಲಾಗುವುದಿಲ್ಲ.

ನಿಜವಾದ ಕೆಲಸ ಇರುವುದು ಹಿಂದು-ಮುಂದಿನ ಹೊಂದಾಣಿಕೆಯಲ್ಲಿ. ಲೆನ್ಸನ್ನು ಎದುರಿನಿಂದ ನೋಡಿದರೆ ಒಳಗೆಲ್ಲೋ ಬೆಳಕು ಒಳಬಿಡುವ ಅಪರ್ಚರಿನ ರಂಧ್ರ ಕಾಣುತ್ತದಲ್ಲ, ಅದು ಯಾವ ಆಳದಲ್ಲಿ ಇದ್ದಂತೆ ತೋರುತ್ತದೋ ಆ ಜಾಗ ತಿರುಗುವ ಅಕ್ಷದ ಮೇಲೆ ಬರಬೇಕು. ಕಣ್ಣಂದಾಜಿನಲ್ಲಿ ಅಲ್ಲಿಗೆ ತಂದು ಪರೀಕ್ಷೆ ಶುರುಮಾಡುತ್ತೇನೆ. ದಾರದ ತುದಿಗೆ ಒಂದು ನಟ್ ಕಟ್ಟಿ ಲೆನ್ಸಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಇಳಿಬಿಡುತ್ತೇನೆ. ಹಿಂದೆ ದೂರದಲ್ಲಿ ಕಿಟಕಿಯ ಸರಳೋ ಲೈಟ್ ಕಂಬವೋ ಇದ್ದರೆ ಸಾಕು. ಎರಡೂ ಸ್ಪಷ್ಟವಾಗಿರಲು ಅಪರ್ಚರ್ ಎಫ್ 11 ಅಥವಾ 16. ದಾರ ಸರಳಿನ ಮೇಲೆ ಕೂರುವಂತೆ ನಿಲ್ಲಿಸಿ, ಅವು ಫ್ರೇಮಿನ ಬಲ ಅಂಚಿಗೆ ಬರುವಂತೆ ಕ್ಯಾಮೆರಾ ತಿರುಗಿಸಿ ಝೂಮ್ ಮಾಡಿ ನೋಡುತ್ತೇನೆ. ಅಲ್ಲಿಂದ ಬಲಕ್ಕೆ ತಿರುಗಿಸಿ ಎಡ ಅಂಚಿಗೆ ತರುತ್ತೇನೆ. ಹೀಗೆ ಬಲಕ್ಕೆ ತಿರುಗಿಸಿದಾಗ ದಾರ ಸರಳಿಗಿಂತ ಎಡಕ್ಕೆ ಜರುಗಿದರೆ ಲೆನ್ಸ್ ಅಕ್ಷಕ್ಕಿಂತ ಮುಂದಿದೆ, ಕ್ಯಾಮೆರಾ ಹಿಂದಕ್ಕೆ ಹೋಗಬೇಕು. ಬಲಕ್ಕೆ ಜರುಗಿದರೆ ಮುಂದಕ್ಕೆ. ಕೊನೆಕೊನೆಗೆ ಒಂದೊಂದೇ ಮಿಲಿಮೀಟರ್ ಸರಿಸುತ್ತ, ಎರಡೂ ಅಂಚಿನಲ್ಲಿ ದಾರ ಸರಳಿನ ಮೇಲೇ ನಿಂತಾಗ ಮೇಲಿನ ತೋಳಿನ ರೈಲಿನ ಅಂಕಿ ಬರೆದುಕೊಳ್ಳುವುದು. ಝೂಮ್ ಲೆನ್ಸಿನಲ್ಲಿ ಪ್ರತಿ ಫೋಕಲ್ ಲೆಂತಿಗೂ (ಝೂಮ್ ಎಷ್ಟು ಎಂಎಂನಲ್ಲಿದೆ ಎಂಬುದಕ್ಕೆ) ಬೇರೆ ಅಂಕಿ ಬರುತ್ತದೆ. ಅದಕ್ಕೇ ಪ್ಯಾನೋಗೆ ಝೂಮ್ ಇಲ್ಲದ ಪ್ರೈಮ್ ಲೆನ್ಸ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಅತಿ ಅಗಲ ನೋಟದ ಫಿಶ್‌ಐ ಲೆನ್ಸ್ ಆದರೆ ಅಕ್ಷದ ಮೇಲೆ ಬರಬೇಕಾದ ಈ ಬಿಂದು ನೋಟದ ಕೋನದ ಜೊತೆಗೇ ಜರುಗುತ್ತದೆ, ಹಾಗಾಗಿ ಎರಡು ಫೋಟೋ ಕೂಡುವ ಜಾಗದಲ್ಲಿ ದಾರವನ್ನಿಟ್ಟೇ ಪರೀಕ್ಷಿಸಬೇಕು.

ಫುಲ್ ಫ್ರೇಮಿನಲ್ಲಿ 24 ಎಂಎಂ ಲೆನ್ಸ್, ಕ್ಯಾಮೆರಾ ಉದ್ದುದ್ದ ಇದ್ದಾಗ ನೋಟದ ಅಗಲ ಸುಮಾರು 53 ಡಿಗ್ರಿ. ಕ್ಲಿಕ್ ಸ್ಟಾಪನ್ನು (ತಿರುಗಿಸುವಾಗ ಹೆಡ್ ಟಕ್ಕೆಂದು ನಿಲ್ಲುವ ಅಂತರ) 36 ಡಿಗ್ರಿಗೆ ಇಟ್ಟರೆ ಒಂದು ಸುತ್ತಿಗೆ 10 ಫೋಟೋ, ಮೂರನೇ ಒಂದಂಶದ ಹತ್ತಿರ ಓವರ್‌ಲ್ಯಾಪ್. ಎಕ್ಸ್‌ಪೋಶರ್, ಫೋಕಸ್ ಎರಡೂ ಮ್ಯಾನುಯಲ್, ವೈಟ್ ಬ್ಯಾಲೆನ್ಸ್ ಸ್ಥಿರ.

ಹೊಂದಾಣಿಕೆ ನಿಂತಿದೆಯೋ ಇಲ್ಲವೋ ಫೋಟೋ ಜೋಡಿಸುವ ಸಾಫ್ಟ್‌ವೇರ್ ಹ್ಯೂಗಿನ್‌ನಲ್ಲಿ ಬೇಗ ಗೊತ್ತಾಗುತ್ತದೆ. ಕಂಟ್ರೋಲ್ ಪಾಯಿಂಟುಗಳ (ಎರಡು ಫೋಟೋಗಳಲ್ಲೂ ಒಂದೇ ಜಾಗವೆಂದು ಗುರುತಿಸಿದ ಬಿಂದುಗಳು) ಪಟ್ಟಿ ತೆಗೆದು ದೂರದ ಗೋಡೆಯವನ್ನೂ ಹತ್ತಿರದ ಕಂಬದವನ್ನೂ ಹೋಲಿಸುತ್ತೇನೆ. ಗೋಡೆಯವು ಸರಿಯಾಗಿ ಕೂತು ಕಂಬದವು ಮಾತ್ರ ಹಲವು ಪಿಕ್ಸೆಲ್ ತಪ್ಪಿದ್ದರೆ ರೈಲು ಜರುಗಿದೆ ಎಂದೇ ಲೆಕ್ಕ. ಎಲ್ಲವೂ ಒಂದೇ ಸಮ ತಪ್ಪಿದ್ದರೆ ರೈಲಿನ ಗೊಡವೆಗೆ ಹೋಗದೆ ಲೆನ್ಸಿನ ಡಿಸ್ಟಾರ್ಶನ್ (ನೇರ ಗೆರೆ ಬಾಗಿ ಕಾಣುವ ದೋಷ) ಲೆಕ್ಕವನ್ನು ಮತ್ತೆ ಆಪ್ಟಿಮೈಸ್ ಮಾಡುತ್ತೇನೆ.