ನಾವೇ ತಯಾರಿಸುವುದಾ, ಹೊರಗಿಂದ ತರಿಸುವುದಾ? ಒಂದು ಮರ ಬರೆದು ನೋಡಿ

ಒಂದು ಚಿಕ್ಕ ಬಿಡಿಭಾಗ ಬೇಕು. ಹೊರಗಿಂದ ತರಿಸಿದರೆ ಒಂದಕ್ಕೆ 7 ಖರ್ಚು. ನಾವೇ ತಯಾರಿಸಿದರೆ 4. ಹಾಗಿದ್ದರೆ ನಾವೇ ಮಾಡೋಣ ಅಂತ ತಕ್ಷಣ ಅನ್ನಿಸುತ್ತದೆ, ಅಲ್ವಾ? ಆದರೆ ಅದಕ್ಕೆ ಮೊದಲು 1,50,000 ಕೊಟ್ಟು ಮೆಷಿನ್ ಕೊಳ್ಳಬೇಕು. ಬೇಡಿಕೆ ಬಂದರೆ ಆ ದುಡ್ಡು ವಾಪಸ್ ಬರುತ್ತದೆ. ಬರದಿದ್ದರೆ ಮೆಷಿನ್ ಸುಮ್ನೆ ನಿಂತಿರುತ್ತದೆ. ಬೇಡಿಕೆ ಎಷ್ಟು ಬರುತ್ತದೆ ಅಂತ ಇವತ್ತೇ ಹೇಳುವವರು ಯಾರೂ ಇಲ್ಲ.

ಇಂಥ ಕಡೆ ಕೈಹಿಡಿಯುವುದು ನಿರ್ಧಾರದ ಮರ. ಮ್ಯಾನೇಜ್‌ಮೆಂಟ್ ಓದಿದವರು ಡಿಸಿಷನ್ ಟ್ರೀ ಅನ್ನುತ್ತಾರೆ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಮೇಲಿನ ಲೆಕ್ಕವನ್ನೇ ಹಿಡಿದು ಹೋಗೋಣ. ಹಣಕ್ಕೆ ಯಾವ ಗುರುತೂ ಹಾಕಿಲ್ಲ, ನಿಮ್ಮದನ್ನು ನೀವೇ ಹಾಕಿಕೊಳ್ಳಿ.

ಮೊದಲು: ಯಾವ ಖರ್ಚು ಲೆಕ್ಕಕ್ಕೆ?

ಮರ ಬರೆಯುವ ಮುಂಚೆ ಖರ್ಚುಗಳನ್ನು ಜರಡಿ ಹಿಡಿಯಿರಿ. ನಿಮ್ಮ ತೀರ್ಮಾನದಿಂದ ಬದಲಾಗುವ ಖರ್ಚು ಮಾತ್ರ ಒಳಗೆ ಬರಬೇಕು. ಕಟ್ಟಡದ ಬಾಡಿಗೆಯನ್ನು ಹೇಗಿದ್ದರೂ ಕೊಡುತ್ತೀರಿ ಅಂದರೆ ಅದನ್ನು ಬಿಡಿ. ಕಳೆದ ವರ್ಷ ಅಚ್ಚು ಮಾಡಿಸಲು ಹಾಕಿದ ದುಡ್ಡು ಆಗಲೇ ಹೋಗಿದೆ, ಅದನ್ನೂ ಬಿಡಿ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಹಳೆಯ ಖರ್ಚಿನ ಮೇಲಿನ ಮೋಹಕ್ಕೆ ಹೊಸ ಖರ್ಚು ಮಾಡುತ್ತೇವೆ.

ಎರಡನೆಯದು: ಕೊಂಬೆಗಳನ್ನು ಬರೆಯಿರಿ

ಹಾಳೆಯ ಎಡತುದಿಯಲ್ಲಿ ಒಂದು ಚೌಕ ಹಾಕಿ. ಚೌಕ ಅಂದರೆ ನಾವು ಆರಿಸುವ ಜಾಗ. ಅದರಿಂದ ಎರಡು ಗೆರೆ ಎಳೆಯಿರಿ: 'ತಯಾರಿಸು', 'ತರಿಸು'. ಪ್ರತಿ ಗೆರೆಯ ತುದಿಗೆ ಒಂದು ವೃತ್ತ. ವೃತ್ತ ಅಂದರೆ ನಮ್ಮ ಕೈಯಲ್ಲಿಲ್ಲದ ಜಾಗ, ಇಲ್ಲಿ ಬೇಡಿಕೆ. ವೃತ್ತದಿಂದ ಮತ್ತೆ ಎರಡು ಗೆರೆ: ವರ್ಷಕ್ಕೆ 40,000 ಬೇಕಾಗಬಹುದು, ಇಲ್ಲವೇ 10,000. ಮೊದಲ ವರ್ಷ ಬಂದ ಬೇಡಿಕೆಯೇ ಮೂರು ವರ್ಷವೂ ಮುಂದುವರಿಯುತ್ತದೆ, ಆಮೇಲೆ ಮೆಷಿನ್‌ಗೆ ಬೆಲೆ ಇರುವುದಿಲ್ಲ ಅಂತ ಇಟ್ಟುಕೊಳ್ಳೋಣ.

ಮೂರನೆಯದು: ಸಂಭವ ಬರೆಯಿರಿ

ಒಂದು ವೃತ್ತದಿಂದ ಹೊರಡುವ ಸಂಭವಗಳನ್ನು ಕೂಡಿದರೆ ನೂರಕ್ಕೆ ನೂರು ಆಗಬೇಕು. ನಮ್ಮ ಲೆಕ್ಕದಲ್ಲಿ ಜಾಸ್ತಿ ಬೇಡಿಕೆಗೆ ಶೇ 30, ಕಡಿಮೆಗೆ ಶೇ 70. ಈ ಅಂಕಿಗಾಗಿ ಮಾರಾಟ ನೋಡಿಕೊಳ್ಳುವವರನ್ನು ಕೇಳಿ, ಆದರೆ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಮೊದಲು ಬಾಯಿ ತೆರೆದವರ ಅಂಕಿಯ ಸುತ್ತಲೇ ಎಲ್ಲರೂ ಸುತ್ತುತ್ತಾರೆ.

ನಾಲ್ಕನೆಯದು: ಬಲದಿಂದ ಎಡಕ್ಕೆ ಬನ್ನಿ

ಮರ ಬರೆಯುವುದು ಎಡದಿಂದ ಬಲಕ್ಕೆ. ಲೆಕ್ಕ ಮಾಡುವುದು ಬಲದಿಂದ ಎಡಕ್ಕೆ.

ಮೊದಲು ಕೊಂಬೆಗಳ ತುದಿಯಲ್ಲಿ ಮೂರು ವರ್ಷದ ಒಟ್ಟು ಖರ್ಚು ಬರೆಯಿರಿ. ತಯಾರಿಸಿದರೆ, ಬೇಡಿಕೆ ಜಾಸ್ತಿ ಇದ್ದಾಗ 1,50,000ಕ್ಕೆ 4,80,000 ಸೇರಿ 6,30,000. ಕಡಿಮೆ ಇದ್ದಾಗ 2,70,000. ತರಿಸಿದರೆ ಜಾಸ್ತಿಗೆ 8,40,000, ಕಡಿಮೆಗೆ 2,10,000. ಈಗ ಪ್ರತಿ ತುದಿಯನ್ನು ಅದರ ಸಂಭವದಿಂದ ಗುಣಿಸಿ, ಕೂಡಿ, ವೃತ್ತದ ಮೇಲೆ ಬರೆಯಿರಿ. ಇದು ನಿರೀಕ್ಷಿತ ಖರ್ಚು. ತಯಾರಿಸುವ ವೃತ್ತಕ್ಕೆ 3,78,000, ತರಿಸುವ ವೃತ್ತಕ್ಕೆ 3,99,000. ಚೌಕದಲ್ಲಿ ಕಡಿಮೆ ಖರ್ಚಿನದನ್ನು ಉಳಿಸಿ, ಇನ್ನೊಂದಕ್ಕೆ ಅಡ್ಡಗೆರೆ ಹಾಕಿ. ತಯಾರಿಸುವುದೇ 21,000 ಅಗ್ಗ.

ಇಲ್ಲಿಗೆ ನಿಲ್ಲಿಸಬೇಡಿ. ಇಷ್ಟೇ ಆಗಿದ್ದರೆ ಮರವೇ ಬೇಕಿರಲಿಲ್ಲ. ಸರಾಸರಿ ಬೇಡಿಕೆ ವರ್ಷಕ್ಕೆ 19,000. ಮೂರು ವರ್ಷಕ್ಕೆ 57,000. ಒಂದಕ್ಕೆ 3 ಉಳಿತಾಯ ಅಂದರೆ 1,71,000. ಅದರಿಂದ ಮೆಷಿನ್ ದುಡ್ಡು ಕಳೆದರೆ ಅದೇ 21,000 ಬರುತ್ತದೆ. ಮರದ ಕೆಲಸ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಬಹಳ ಜನ ಬಿಟ್ಟುಬಿಡುವ ಹೆಜ್ಜೆಯೂ ಇದೇ.

ಐದನೆಯದು: ಮೂರನೇ ಕೊಂಬೆ ಹುಡುಕಿ

ಎಲ್ಲವನ್ನೂ ಇವತ್ತೇ ತೀರ್ಮಾನಿಸಬೇಕಾ? ಒಂದು ವರ್ಷ ತರಿಸಿ ನೋಡಿ, ಬೇಡಿಕೆ ಗೊತ್ತಾದ ಮೇಲೆ ಮೆಷಿನ್ ಕೊಳ್ಳಬಹುದಲ್ಲ! ಚೌಕದಿಂದ ಮೂರನೇ ಗೆರೆ ಎಳೆಯಿರಿ: 'ತರಿಸಿ, ನೋಡು'. ಅದರ ತುದಿಗೆ ಬೇಡಿಕೆಯ ವೃತ್ತ. ಆ ವೃತ್ತದ ಎರಡೂ ಕೊಂಬೆಗಳ ತುದಿಗೆ ಮತ್ತೊಂದು ಚೌಕ, ಏಕೆಂದರೆ ಅಲ್ಲಿ ಮತ್ತೆ ಆರಿಸುವವರು ನಾವೇ.

ಬೇಡಿಕೆ ಜಾಸ್ತಿ ಬಂತು ಅನ್ನಿ. ಮೊದಲ ವರ್ಷ ತರಿಸಲು 2,80,000 ಹೋಗಿರುತ್ತದೆ. ಉಳಿದ ಎರಡು ವರ್ಷಕ್ಕೆ ಮೆಷಿನ್ ಹಾಕಿದರೆ 4,70,000, ತರಿಸುತ್ತಲೇ ಇದ್ದರೆ 5,60,000. ಮೆಷಿನ್ ಗೆಲ್ಲುತ್ತದೆ, ಒಟ್ಟು 7,50,000. ಬೇಡಿಕೆ ಕಡಿಮೆ ಬಂದರೆ ಮೆಷಿನ್ ಗೋಜಿಗೇ ಹೋಗುವುದಿಲ್ಲ, ಒಟ್ಟು 2,10,000. ಸಂಭವದಿಂದ ಗುಣಿಸಿ ಕೂಡಿದರೆ 3,72,000.

ತಯಾರಿಸುವುದಕ್ಕಿಂತ 6,000 ಕಡಿಮೆ! ಎರಡೇ ಕೊಂಬೆ ಇದ್ದಾಗ ಸೋತಿದ್ದ 'ತರಿಸು', ಕಾದು ನೋಡುವ ಅವಕಾಶ ಸೇರಿದ ಕೂಡಲೇ ಗೆದ್ದಿತು. 1964ರಲ್ಲಿ ಅಮೆರಿಕದ ಮ್ಯಾನೇಜ್‌ಮೆಂಟ್ ಸಲಹೆಗಾರ ಜಾನ್ ಮ್ಯಾಗಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಈ ವಿಧಾನವನ್ನು ವಿವರಿಸಿದಾಗ ಹಿಡಿದ ಉದಾಹರಣೆಯೂ ಇದೇ ಜಾತಿಯದು: ಈಗಲೇ ದೊಡ್ಡ ಕಾರ್ಖಾನೆ ಕಟ್ಟುವುದಾ, ಚಿಕ್ಕದು ಕಟ್ಟಿ ಆಮೇಲೆ ಬೆಳೆಸುವುದಾ?

ಆರನೆಯದು: ಅಂಕಿಗಳನ್ನು ಅಲುಗಾಡಿಸಿ

6,000 ಸಣ್ಣ ಅಂತರ. ನಿಮ್ಮ ಶೇ 30 ಸ್ವಲ್ಪ ಆಚೀಚೆ ಆದರೆ? ಜಾಸ್ತಿ ಬೇಡಿಕೆಯ ಸಂಭವ ಎಷ್ಟಾದಾಗ ಎರಡೂ ದಾರಿ ಸಮ ಅಂತ ಹುಡುಕಿ. ನಮ್ಮ ಮರದಲ್ಲಿ ಅದು ಮೂರರಲ್ಲಿ ಒಂದು, ಅಂದರೆ ಶೇ 33ಕ್ಕೆ ಚೂರು ಮೇಲೆ. ಅದಕ್ಕಿಂತ ಕಡಿಮೆಯಾದರೆ ಕಾಯಿರಿ, ಜಾಸ್ತಿಯಾದರೆ ಈಗಲೇ ಮೆಷಿನ್ ಹಾಕಿ. ಹೀಗೆ ತಿಳಿದ ಮೇಲೆ 'ನಿಖರ ಸಂಭವ ಎಷ್ಟು' ಅನ್ನುವ ಚರ್ಚೆಯೇ ಬೇಡ. ಮೂರರಲ್ಲಿ ಒಂದಕ್ಕಿಂತ ಮೇಲಾ, ಕೆಳಗಾ? ಅಷ್ಟು ಕೇಳಿದರೆ ಸಾಕು.

ಮಾರುಕಟ್ಟೆ ಸಮೀಕ್ಷೆ ಮಾಡಿಸಬೇಕಾ ಅನ್ನುವುದಕ್ಕೂ ಮರವೇ ಉತ್ತರ ಕೊಡುತ್ತದೆ. ಬೇಡಿಕೆ ಮೊದಲೇ ಖಚಿತವಾಗಿ ತಿಳಿದಿದ್ದರೆ, ಜಾಸ್ತಿಗೆ ತಯಾರಿಸಿ ಕಡಿಮೆಗೆ ತರಿಸುತ್ತಿದ್ದಿರಿ. ಆಗ ನಿರೀಕ್ಷಿತ ಖರ್ಚು 3,36,000. ನಮ್ಮ 3,72,000ಕ್ಕೂ ಇದಕ್ಕೂ ಇರುವ ವ್ಯತ್ಯಾಸ 36,000. ಎಂಥ ಒಳ್ಳೆ ಸಮೀಕ್ಷೆಗೂ ಅದಕ್ಕಿಂತ ಜಾಸ್ತಿ ಕೊಡಬೇಡಿ.

ಇನ್ನೊಂದು ಮಾತು. ನಿರೀಕ್ಷಿತ ಖರ್ಚು ಸರಾಸರಿ ಮಾತ್ರ, ನಿಜದಲ್ಲಿ ಯಾವುದಾದರೂ ಒಂದು ತುದಿಯೇ ಬರುತ್ತದೆ. 'ತರಿಸಿ, ನೋಡು' ದಾರಿಯ ದೊಡ್ಡ ಖರ್ಚು 7,50,000. ನೋಡಲು ಭಯವಾಗುತ್ತದೆ, ಆದರೆ ಅದು ಬರುವುದು ಮಾರಾಟ ಚೆನ್ನಾಗಿರುವಾಗ. ಮೆಷಿನ್ ಕೊಂಡು ಬೇಡಿಕೆ ಬರದಿದ್ದರೆ ಆಗುವ 60,000ದ ಹೆಚ್ಚುವರಿ ಖರ್ಚು ಬೀಳುವುದು ಕೈ ಬಿಗಿಯಾಗಿರುವಾಗ. ಸಾಲ ಮಾಡಿ ನಡೆಸುವ ಚಿಕ್ಕ ಸಂಸ್ಥೆಗೆ ನನ್ನ ಮಟ್ಟಿಗೆ ಈ 60,000ವೇ ಹೆಚ್ಚು ಅಪಾಯ.

ಕಾಯುವುದು ಅಂತ ತೀರ್ಮಾನಿಸಿದರೆ ಹಾಳೆಯ ಕೆಳಗೆ ಒಂದು ಅಂಕಿ ಬರೆದಿಡಿ: 25,000. ಒಂದಕ್ಕೆ 3ರಂತೆ ಉಳಿದ ಎರಡು ವರ್ಷದಲ್ಲಿ ಮೆಷಿನ್ ದುಡ್ಡು ಸರಿಹೋಗಲು ವರ್ಷಕ್ಕೆ ಅಷ್ಟು ಬೇಡಿಕೆ ಬೇಕು. ಮೊದಲ ವರ್ಷದ ಲೆಕ್ಕ ಕೈಗೆ ಬಂದ ದಿನ ಆ ಹಾಳೆ ತೆಗೆದು, ಅಂಕಿ ದಾಟಿದೆಯಾ ನೋಡಿ.