ಮರುಭೂಮಿಯ ಬಣ್ಣದ ಲಗೋರಿ ನೋಡಲು ಹೀಗೆ ಹೋಗಿ

ಲಾಸ್ ವೇಗಸ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಬಣ್ಣ ಬಳಿದ ಬಂಡೆಗಳ ಕಲಾಕೃತಿ ‘ಸೆವೆನ್ ಮ್ಯಾಜಿಕ್ ಮೌಂಟನ್ಸ್’. ಟಿಕೆಟ್ ಇಲ್ಲ. ಬಿಸಿಲೇರುವ ಮೊದಲೇ ಹೋಗಿ. ನಾನು ಜುಲೈ ಮಧ್ಯಾಹ್ನ ಹವಾಯಿ ಚಪ್ಪಲಿಯಲ್ಲಿ ಹೋಗಿ, ಕಾದ ಮರಳು ಸೇರಿಕೊಂಡು ಕುಣಿದಾಡಿದ್ದೆ! ಶೂ ಹಾಕಿ, ಒಬ್ಬೊಬ್ಬರಿಗೂ ಎರಡು ಲೀಟರ್ ನೀರು ಇಟ್ಟುಕೊಳ್ಳಿ.

ಸ್ವಿಸ್ ಕಲಾವಿದ ಉಗೋ ರೊಂಡಿನೋನೆ 2016ರಲ್ಲಿ ಬಂಡೆ ಪೇರಿಸಿ ನಿಲ್ಲಿಸಿದ ಏಳು ಗೋಪುರಗಳಿವು. 30ರಿಂದ 35 ಅಡಿ ಎತ್ತರ. ದೂರದಿಂದ ಥೇಟ್ ಲಗೋರಿ ಅಲ್ವಾ! ಫೋಟೋಕ್ಕೆ ಜೊತೆಗಿರುವವರನ್ನು ಬುಡದಲ್ಲಿ ನಿಲ್ಲಿಸಿ, ಐವತ್ತು ಹೆಜ್ಜೆ ಹಿಂದೆ ಬನ್ನಿ. ಆಗಲೇ ಎತ್ತರ ತಿಳಿಯುವುದು. ಆಮೇಲೆ ಹತ್ತಿರ ಹೋಗಿ ನೋಡಿ. ಢಾಳಾದ ಗುಲಾಬಿ ಬಣ್ಣದ ಕೆಳಗೆ ಸುಣ್ಣದಕಲ್ಲಿನ ತರಿ ಹಾಗೇ ಕಾಣುತ್ತದೆ. ಸುಮ್ನೆ ಹತ್ತಲು ಹೋಗಬೇಡಿ. ಪೊದೆಗಳ ಕಡೆ ಕಾಲಿಡುವಾಗ ಹುಷಾರು, ವಿಷದ ಹಾವುಗಳಿರುತ್ತವೆ.