ತಾವಾಗಿಯೇ ಕ್ರಾಸಿಂಗ್ ಮಾಡುವ ರೈಲುಗಳು: ನನ್ನ ಮಾದರಿ ರೈಲು ಲೇಔಟ್ ಅನುಭವ

"ಗಾಡಿ ಕ್ರಾಸಿಂಗ್‌ಗೆ ನಿಂತಿದೆ." ಸಿಂಗಲ್ ಲೈನಿನಲ್ಲಿ ಓಡಾಡಿದವರಿಗೆಲ್ಲ ಈ ಮಾತು ಗೊತ್ತು. ಚಿಕ್ಕ ಸ್ಟೇಷನ್ನಿನ ಲೂಪ್ ಲೈನಿನಲ್ಲಿ ನಮ್ಮ ಗಾಡಿ ಕಾಯುತ್ತದೆ, ಎದುರಿನದು ದಾಟಿಹೋಗುತ್ತದೆ, ಆಮೇಲೆ ನಮಗೆ ಸಿಗ್ನಲ್ ಬೀಳುತ್ತದೆ. ರೈಲಿನಲ್ಲಿ ನನಗೆ ತುಂಬಾ ಇಷ್ಟವಾಗುವುದೇ ಇದು. ಹಾಗಾಗಿ ಮಾದರಿ ರೈಲಿನ ಲೇಔಟ್ ಕಟ್ಟುವಾಗ ಗುರಿಯೂ ಇದೇ ಆಯಿತು. ಎರಡು ರೈಲು, ಯಾರೂ ಕೈ ಹಾಕದೆ, ತಾವಾಗಿ ಕ್ರಾಸಿಂಗ್ ಮಾಡಬೇಕು.

ಲೇಔಟ್ ಎಚ್‌ಒ ಅಳತೆಯದು, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಲೆಕ್ಕದ ಪ್ರಕಾರ 19 ಮಿ.ಮೀ. ದಾಟಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5ರದ್ದೇ, ಕಣ್ಣಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಒಂದು ಸುತ್ತು ಹಳಿ, ಎದುರುಬದುರು ಎರಡು ಸ್ಟೇಷನ್, ಒಂದೊಂದರಲ್ಲೂ ಎರಡು ಲೈನ್, ನಡುವೆ ಎರಡು ಸಿಂಗಲ್ ಲೈನ್ ಸೆಕ್ಷನ್.

ಓಡಿಸುವುದು ಡಿಸಿಸಿಯಲ್ಲಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್‌ನಲ್ಲಿ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಆದೇಶವೂ ಅದರೊಳಗೇ ಹೋಗುತ್ತದೆ. ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ತನ್ನ ನಂಬರಿಗೆ ಬಂದ ಆದೇಶವನ್ನು ಮಾತ್ರ ಪಾಲಿಸುತ್ತದೆ. ಹೊಸ ಡಿಕೋಡರ್‌ಗಳು ಸಾಮಾನ್ಯವಾಗಿ 3ನೇ ನಂಬರಿನಲ್ಲೇ ಬರುತ್ತವೆ, ಮೊದಲು ಅದನ್ನು ಬದಲಿಸಿಕೊಳ್ಳಿ. ಆದೇಶ ಕಳಿಸುವ ಕಮಾಂಡ್ ಸ್ಟೇಷನ್‌ಗೆ ನಾನು ಡಿಸಿಸಿ-ಇಎಕ್ಸ್ ಆರಿಸಿಕೊಂಡೆ. ಇದು ಪುಕ್ಕಟೆ ಸಾಫ್ಟ್‌ವೇರ್. ಇದು ಓಡುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋ ಮೆಗಾ ಮತ್ತು ಹಳಿಗೆ ಕರೆಂಟ್ ಕೊಡುವ ಮೋಟರ್ ಶೀಲ್ಡ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. ಆರ್ಡುಯಿನೋದ ಚಿಕ್ಕ ಬೋರ್ಡ್ ಊನೋದಲ್ಲಿ ಆಟೊಮೇಷನ್ನಿಗೆ ಜಾಗ ಸಾಲದು, ಮೆಗಾನೇ ಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಡಿಸಿಸಿ ಆದೇಶ ಕೊಡುತ್ತದೆ, ಆದರೆ ರೈಲು ಎಲ್ಲಿದೆ ಎಂದು ತಿಳಿಸುವುದಿಲ್ಲ. ನನ್ನ ಪ್ರಕಾರ ಆಟೊಮೇಷನ್ನಿನ ಮುಕ್ಕಾಲು ಕೆಲಸ ಇಲ್ಲೇ ಇದೆ. ಪ್ರೋಗ್ರಾಂ ಬರೆಯುವುದು ಆಮೇಲಿನ ಮಾತು.

ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಬೇರೆ ವೈರ್ ಎಳೆದೆ. ಆ ವೈರ್ ಒಂದು ಪುಟ್ಟ ಕಾಯಿಲಿನೊಳಗೆ ಹಾದುಹೋಗುತ್ತದೆ. ಎಂಜಿನ್ ಕರೆಂಟ್ ಎಳೆದ ಕೂಡಲೇ ಮೆಗಾಗೆ ಸುದ್ದಿ ಮುಟ್ಟುತ್ತದೆ. ಇನ್‌ಫ್ರಾರೆಡ್ ಸೆನ್ಸರ್ ಅಗ್ಗ ನಿಜ, ಆದರೆ ನನ್ನ ಕೋಣೆಗೆ ಬಿಸಿಲು ಜಾಸ್ತಿ, ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತದಲ್ವಾ? ಇನ್ನು ಬೋಗಿಗಳು. ಅವು ಕರೆಂಟ್ ಎಳೆಯುವುದಿಲ್ಲ. ಕೊನೆಯ ಬೋಗಿ ಸೆಕ್ಷನ್ ಬಿಟ್ಟಿತೋ ಇಲ್ಲವೋ ಗೊತ್ತಾಗದೆ ಇನ್ನೊಂದು ರೈಲನ್ನು ಬಿಡುವ ಹಾಗಿಲ್ಲ. ಅದಕ್ಕೆ ಬೋಗಿಗಳ ಆಕ್ಸಲ್ಲಿಗೆ 10 ಕಿಲೋಓಮ್ ರೆಸಿಸ್ಟರ್ ಕೂರಿಸಿದೆ. ಒಂದೊಂದೂ ಒಂದೂವರೆ ಮಿಲಿಆಂಪಿಯರ್‌ನಷ್ಟು ಎಳೆಯುತ್ತದೆ. ಗುರುತು ಹಿಡಿಯಲು ಅಷ್ಟು ಸಾಕು.

ಸಿಂಗಲ್ ಲೈನಿನಲ್ಲಿ ಹಿಂದಿನಿಂದಲೂ ನೀಲ್ಸ್ ಬಾಲ್ ಟೋಕನ್ ಎಂಬ ಪದ್ಧತಿ ಇತ್ತು. ಎರಡು ಸ್ಟೇಷನ್ನಿನ ಯಂತ್ರಗಳು ಒಂದಕ್ಕೊಂದು ಜೋಡಿ. ಒಂದು ಕಡೆ ಲೋಹದ ಗುಂಡು ಹೊರಬಂದರೆ, ಅದು ವಾಪಸ್ ಸೇರುವ ತನಕ ಯಾವ ಕಡೆಯೂ ಮತ್ತೊಂದು ಗುಂಡು ಬರುವುದಿಲ್ಲ. ಗುಂಡು ಕೈಗೆ ಸಿಗದೆ ಡ್ರೈವರ್ ಸೆಕ್ಷನ್ನಿಗೆ ಹೋಗುವಂತಿಲ್ಲ. ಡಿಸಿಸಿ-ಇಎಕ್ಸ್‌ನೊಳಗಿನ ಎಕ್ಸ್‌ರೈಲ್ ಭಾಷೆಯಲ್ಲಿ 'ರಿಸರ್ವ್' ಎಂಬ ಆದೇಶ ಮಾಡುವುದೂ ಇದನ್ನೇ. ಸೆಕ್ಷನ್ ಖಾಲಿ ಇದ್ದರೆ ರೈಲಿಗೆ ಸಿಗುತ್ತದೆ. ಇಲ್ಲದಿದ್ದರೆ ರೈಲು ನಿಂತು ಕಾಯುತ್ತದೆ. 'ಫ್ರೀ' ಅಂದರೆ ಗುಂಡು ವಾಪಸ್. ಎರಡೂ ತುದಿಯಲ್ಲಿ ರೈಲನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ಗಳನ್ನು ನಾನು ಸೆಕ್ಷನ್ನಿಗೇ ಸೇರಿಸಿದ್ದೇನೆ. ರಿಸರ್ವ್ ಸಿಕ್ಕ ಮೇಲೆ ಮಾತ್ರ ಸರ್ವೋ ಮೋಟರ್ ಪಾಯಿಂಟ್ ತಿರುಗಿಸುತ್ತದೆ. ರೈಲು ನಡುವೆ ಕೆಟ್ಟು ನಿಂತರೂ ಭಯವಿಲ್ಲ. ಸೆಕ್ಷನ್ ಅದರ ಹೆಸರಿನಲ್ಲೇ ಇರುತ್ತದೆ, ಎದುರಿನ ರೈಲು ಹೊರಡುವುದೇ ಇಲ್ಲ.

ಪ್ಲಾಟ್‌ಫಾರಂನಲ್ಲಿ ಸರಿಯಾದ ಜಾಗಕ್ಕೆ ನಿಲ್ಲಿಸುವುದು ಇನ್ನೊಂದು ಕೆಲಸ. ಒಂದು ಲೈನ್ ಒಂದೇ ದಿಕ್ಕಿಗೆ ಎಂದು ಗೊತ್ತು ಮಾಡಿದೆ. ಲೈನಿನೊಳಗೆ ಬಂದ ಕೂಡಲೇ ವೇಗ ತಗ್ಗುತ್ತದೆ. ತುದಿಯ ಚಿಕ್ಕ ತುಂಡನ್ನು ಮುಟ್ಟಿದರೆ 'ಸ್ಟಾಪ್'. ಎಷ್ಟು ನಿಧಾನವಾಗಿ ನಿಲ್ಲಬೇಕು ಎಂಬುದು ಡಿಕೋಡರ್‌ನ ಸಿವಿ4 ಎಂಬ ಸೆಟ್ಟಿಂಗ್‌ನಲ್ಲಿದೆ. ಅದು ಜಾಸ್ತಿಯಾದರೆ ರೈಲು ಪಾಯಿಂಟಿನ ಮೇಲೆ ಹೋಗಿ ನಿಲ್ಲುತ್ತದೆ. ತೆವಳುವ ವೇಗದಲ್ಲೂ ಎಂಜಿನ್ ಮುಗ್ಗರಿಸಬಾರದು. ಅದಕ್ಕೆ ಹಳಿ, ಚಕ್ರ ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸುತ್ತಿರಬೇಕು. ಇದನ್ನು ಬಿಟ್ಟು ಸುಮ್ನೆ ಪ್ರೋಗ್ರಾಂ ತಿದ್ದುತ್ತಾ ಕೂತರೆ ಏನೂ ಆಗದು.

ಮೂರನೇ ರೈಲು ತರುವ ಮೊದಲು ಒಂದು ಸ್ಟೇಷನ್ನಿಗೆ ಮೂರನೇ ಲೈನ್ ಹಾಕಿದೆ. ಕಾರಣ ಇದೆ. ಒಂದೇ ದಿಕ್ಕಿನ ಎರಡು ರೈಲು ಎರಡು ಸ್ಟೇಷನ್ನಿನಲ್ಲಿ ನಿಂತಿವೆ ಅಂದುಕೊಳ್ಳಿ. ಇದರ ಲೈನ್ ಅದಕ್ಕೆ ಬೇಕು, ಅದರ ಲೈನ್ ಇದಕ್ಕೆ ಬೇಕು. ಎರಡೂ ಕಾಯುತ್ತಲೇ ಇರುತ್ತವೆ. ಈಗ ಪ್ರತಿ ರೈಲೂ ಮುಂದಿನ ಸ್ಟೇಷನ್ನಿನಲ್ಲಿ ಖಾಲಿ ಲೈನನ್ನು ಮೊದಲು ಹಿಡಿದುಕೊಂಡು, ಆಮೇಲೆ ಸೆಕ್ಷನ್ ಕೇಳುತ್ತದೆ. ಈ ಕ್ರಮ ಹಿಂದುಮುಂದಾದರೆ ರೈಲು ಸೆಕ್ಷನ್ನಿನ ನಡುವೆ ನಿಂತು ಎಲ್ಲರ ದಾರಿಯನ್ನೂ ಕಟ್ಟುತ್ತದೆ. ಒಂದಕ್ಕಿಂತ ಜಾಸ್ತಿ ಲೈನ್ ಇರುವಲ್ಲಿ 'ಇಫ್‌ರಿಸರ್ವ್' ಬಳಸಿ. ಒಂದು ಲೈನ್ ಸಿಗದಿದ್ದರೆ ಇನ್ನೊಂದನ್ನು ಕೇಳುವಂತೆ ಅದರಲ್ಲಿ ಬರೆಯಬಹುದು.